ರತಿಯ ಬಿಗಿ ಜಡೆ

ನನಗೊಂದು ಕೆಟ್ಟ ಕುತೂಹಲವಿದೆ. ಪುರಾಣದ ತೈಲಚಿತ್ರ ಕಂಡರೆ ಸಾಕು, ಅದರಲ್ಲಿ ಅಳುವವರು ಹೇಗೆ ಅಳುತ್ತಿದ್ದಾರೆಂದು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತೇನೆ. ಸಾಮಾನ್ಯವಾಗಿ ಬಿಚ್ಚಿದ ಕೂದಲು, ಚೆದುರಿದ ಬಳೆ, ಕೆನ್ನೆಯ ಮೇಲೆ ಬಿಳಿ ಬಣ್ಣದ ಒಂದು ಚುಕ್ಕಿ. ಇಷ್ಟಿದ್ದರೆ ಶೋಕ ತಯಾರು ಎಂದು ಬಹಳ ಕಾಲ ನಂಬಿದ್ದೆ.

ಹಾಗಾಗಿ ಅಪ್ಪ ಬರೆದ ರತಿ ನನಗೆ ಒಗಟು. ಅಪ್ಪ ವಾರವೆಲ್ಲ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕೊರೆದು ಭಾನುವಾರ ಬಣ್ಣ ಕಲಸುತ್ತಿದ್ದವರು. ಮನ್ಮಥ ಸುಟ್ಟು ಬೂದಿಯಾದ ಮೇಲಿನ ರತಿಗೆ ಅಮ್ಮನನ್ನೇ ಕೂರಿಸಿದರು. ಅಮ್ಮ ಷರತ್ತು ಹಾಕಿದಳಂತೆ: "ಗಂಡ ಗುಂಡುಕಲ್ಲಿನ ಹಾಗೆ ಎದುರಿಗೇ ಇರೋವಾಗ ಕೂದ್ಲು ಬಿಚ್ಕೊಂಡು ಅಳೋಕಾಗಲ್ಲ ರೀ. ಜಡೆ ಹಾಕ್ಕೊಂಡೇ ಕೂರ್ತೀನಿ. ಮುಖಾನೂ ತೋರ್ಸಲ್ಲ." ಮುತ್ತೈದೆಯಾದವಳು ಸುಳ್ಳಿಗೂ ಹಾಗೆ ಕೂರಬಾರದೆಂಬುದು ಅವಳ ವಾದ. ಅಪ್ಪ ಒಪ್ಪಿದರು, ಒಪ್ಪದಿದ್ದರೆ ಮಧ್ಯಾಹ್ನದ ಊಟ ಎಲ್ಲಿಂದ ಬರಬೇಕು? ಹೀಗಾಗಿ ನಮ್ಮ ರತಿ ಬಿಗಿ ಜಡೆ ಹಾಕಿಕೊಂಡು, ನಮಗೆ ಬೆನ್ನು ತಿರುಗಿಸಿ, ಕ್ಯಾನ್ವಾಸಿನ ಎಡತುದಿಯಲ್ಲಿ ಕೂತಿದ್ದಾಳೆ. ನೆಲದ ಮೇಲಿನ ಬೂದಿ ಬಿಟ್ಟರೆ ಉಳಿದದ್ದೆಲ್ಲ ಖಾಲಿ. ಅವಳ ಮೈ ನುಣ್ಣಗಿದೆ. ಬೂದಿಯನ್ನು ಮಾತ್ರ ಅಪ್ಪ ಚಾಕುವಿನಲ್ಲಿ ದಪ್ಪಕ್ಕೆ ಮೆತ್ತಿದ್ದಾರೆ, ಮುಟ್ಟಿದರೆ ಬೆರಳಿಗೆ ತರಿತರಿ.

"ಇದ್ರಲ್ಲಿ ದುಃಖ ಎಲ್ಲಿದೆ ಅಪ್ಪ?" ಎಂದು ಕೇಳಿದರೆ, "ನಿಧಾನಕ್ಕೆ ನೋಡು" ಎಂದು ಹೇಳಿ ಕುಂಚ ತೊಳೆಯುತ್ತಿದ್ದರು.

ಕಳೆದ ವರ್ಷ ಅಪ್ಪ ಹೋದರು. ಅಮ್ಮ ಅಳಲಿಲ್ಲ. ಮಾತನಾಡಿಸಲು ಬಂದವರಿಗೆ ತಾನೇ ಸಮಾಧಾನ ಹೇಳಿ ಕಳಿಸಿದಳು. ಆಮೇಲೆ ರತಿಯ ಸಮೇತ ಕುಕ್ ಟೌನಿನ ನನ್ನ ಮನೆಗೆ ಬಂದಳು. ನನಗೆ ಒಳಗೊಳಗೇ ಭಯ. ಇವಳ ದುಃಖ ಎಲ್ಲಿ ಹೋಯಿತು? ಅವಳನ್ನು ಕೇಳುವ ಧೈರ್ಯವಿಲ್ಲದೆ ಚಿತ್ರದ ವಿಚಾರಣೆಗೆ ಇಳಿದೆ. ಶಿವಾಜಿನಗರದ ಫ್ರೇಮ್ ಅಂಗಡಿಯ ಸಾಹೇಬರು ಮನೆಗೆ ಬಂದು ನೋಡಿ, "ಪೇಂಟಿಂಗ್ ಕತ್ಲಲ್ಲಿದೆ ಮೇಡಂ, ಒಂದು ಸ್ಪಾಟ್‌ಲೈಟ್ ಹಾಕ್ಸಿ, ಎಲ್ಲಾ ಎದ್ದು ಬರ್ತದೆ" ಎಂದರು. ಹಾಕಿಸಿದೆ.

ಎದ್ದು ಬಂದದ್ದು ಜಡೆಯ ತುದಿಯ ರಿಬ್ಬನ್. ಪುರಾಣದಲ್ಲಿ ರಿಬ್ಬನ್ ಇತ್ತೇ ಎಂದು ಅಪ್ಪ ಯೋಚಿಸಿರಲಿಲ್ಲ. ನೇರ ಬೆಳಕಿಗೆ ಬೂದಿಯ ತರಿಗಳ ನೆರಳೆಲ್ಲ ಅಳಿಸಿ, ಅದು ಚೆಲ್ಲಿದ ರಾಗಿ ಹಿಟ್ಟಿನಂತೆ ಕಂಡಿತು. ಖಾಲಿ ಜಾಗ ಬರೀ ಗೋಡೆಯಾಯಿತು.

"ಆರ್ಸೇ ಅದನ್ನ," ಎಂದಳು ಅಮ್ಮ ಸೋಫಾದಿಂದ. "ದುಃಖದಲ್ಲಿರೋರ ಮೇಲೆ ಯಾರಾದ್ರೂ ಟಾರ್ಚ್ ಬಿಡ್ತಾರಾ?"

ಆರಿಸಿದೆ. ಕಿಟಕಿಯಿಂದ ಸಂಜೆಯ ಓರೆ ಬಿಸಿಲು ಚಿತ್ರದ ಮೇಲೆ ಬಿದ್ದಿತ್ತು. ಬೂದಿಯ ಒಂದೊಂದು ತರಿಗೂ ಮತ್ತೆ ನೆರಳು ಮೂಡಿತು. ಆ ಖಾಲಿ ಜಾಗದಿಂದ ಯಾರೋ ಈಗಷ್ಟೇ ಎದ್ದುಹೋದ ಹಾಗಿತ್ತು. ಅಪ್ಪ ನಿಧಾನಕ್ಕೆ ನೋಡು ಎಂದದ್ದು ಇದನ್ನೇ ಇರಬೇಕು.

ಹೇಳೋಣವೆಂದು ತಿರುಗಿದೆ. ಮೂವರು ಕೂರುವ ಸೋಫಾದ ಎಡತುದಿಯಲ್ಲಿ ಅಮ್ಮ ಬಿಗಿ ಜಡೆ ಹಾಕಿಕೊಂಡು ಕೂತಿದ್ದಳು. ಈ ಮನೆಗೆ ಬಂದಾಗಿನಿಂದ ಅವಳು ಕೂರುವುದು ಅಲ್ಲೇ. ನಾನು ದಡ್ಡಿ, ಅವಳ ಕೆನ್ನೆಯ ಮೇಲೆ ಬಿಳಿ ಚುಕ್ಕಿ ಹುಡುಕುತ್ತಿದ್ದೆ. ಸ್ವಿಚ್ಚಿನ ಹತ್ತಿರವೇ ನಿಂತೆ.

"ಯಾಕೆ ನಿಂತ್ಕೊಂಡೆ? ಬಾ, ಕೂತ್ಕೊ," ಎಂದಳು ಅಮ್ಮ. "ಜಾಗ ಇದ್ಯಲ್ಲ."