ಎಟೊಪಿರಿಕಾದ ಕೊಕ್ಕಿನಲ್ಲಿ ಮೀನು

ಜಪಾನಿನ ಹೊಕ್ಕೈದೊ ದ್ವೀಪದ ಪೂರ್ವ ದಂಡೆಯ ಈ ಪುಟ್ಟ ಬಂದರಿನಲ್ಲಿ ಬೆಳಕು ಹರಿದರೂ ಮಂಜು ಹರಿದಿಲ್ಲ. ಕಡಲಿಗೆ ಹೊರಟ ಮೀನುದೋಣಿಯ ಮೂತಿಯಲ್ಲಿ ಮಿಕಾಮಿ ಫುಸಾಯೆ ರಬ್ಬರ್ ಬೂಟು ತೊಟ್ಟು, ಕಂಬಿಗೆ ಸೊಂಟ ಒತ್ತಿ ನಿಂತಿದ್ದಾರೆ. ಬೆನ್ನ ಹಿಂದೆ ಪ್ರವಾಸಿಗರು ದುರ್ಬೀನಿನ ತೇವ ಒರೆಸುತ್ತಿದ್ದಾರೆ.

"ಎಡಗಡೆ, ಬಂಡೆ ಬುಡದಲ್ಲಿ! ನೀರುಕಾಗೆ! ವಾಂತಿ ಬರೋರು ಬಲಗಡೆ ಹೋಗಿ, ಹಕ್ಕಿ ನೋಡೋರು ಎಡಗಡೆ ಬನ್ನಿ!"

ದೋಣಿ ನಗುತ್ತದೆ. ಚುಕ್ಕಾಣಿ ಹಿಡಿದ ಮೈದುನ ಟೊಕುಜಿ ಮಾತ್ರ ಗೊಣಗುತ್ತಾರೆ: "ಎರಡೂ ಬೇಕನ್ನೋರು ಎಲ್ಲಿಗೆ ಹೋಗ್ಬೇಕು ಅತ್ತಿಗೆ?"

ಅರವತ್ತು ದಾಟಿದ ಫುಸಾಯೆ ಬೇಸಿಗೆಯಲ್ಲಿ ದಿನಕ್ಕೆರಡು ಸಲ ಹೀಗೆ ಕಡಲಿಗೆ ಇಳಿಯುತ್ತಾರೆ. ಮೊದಲು ಮೈದುನನ ಇದೇ ದೋಣಿಯಲ್ಲಿ ಬಲೆ ಎಳೆಯುತ್ತಿದ್ದವರು. ಒಂದು ಮುಂಜಾನೆ ಬಲೆಯಲ್ಲಿ ಮೀನಿನ ಜೊತೆ ಉಸಿರುಗಟ್ಟಿ ಸತ್ತ ಎಟೊಪಿರಿಕಾ ಎಂಬ ಕಡಲಹಕ್ಕಿ ಬಂತು. ಕಪ್ಪು ಮೈ, ಬಿಳಿ ಮುಖ, ಕೆಂಡದಂಥ ದಪ್ಪ ಕೊಕ್ಕು. ಒಂದು ಕಾಲಕ್ಕೆ ಎದುರಿನ ನಡುಗಡ್ಡೆಯ ತುಂಬ ಗೂಡು ಕಟ್ಟುತ್ತಿದ್ದ ಹಕ್ಕಿ ಆಗಲೇ ಅಪರೂಪವಾಗಿತ್ತು. "ಮಡಿಲಲ್ಲಿಟ್ಕೊಂಡೆ. ಮೈ ಇನ್ನೂ ಬೆಚ್ಚಗಿತ್ತು," ಎನ್ನುತ್ತಾರೆ.

ಗೂಡು ಕಟ್ಟುವ ತಿಂಗಳುಗಳಲ್ಲಿ ನಡುಗಡ್ಡೆಯ ಸುತ್ತ ಬಲೆ ಬೀಸುವುದು ಬೇಡ ಎಂದು ಅವರು ಮೀನುಗಾರರ ಸಭೆಯಲ್ಲಿ ಕೇಳಿದರು. ಎಲ್ಲರಿಗಿಂತ ಜೋರಾಗಿ ವಿರೋಧಿಸಿ ಎದ್ದು ನಿಂತವರು ಟೊಕುಜಿ. "ಬಲೆ ಬಿಟ್ಟು ನಾವೇನು ತಿನ್ನೋದು, ಗರಿನಾ?"

"ಹಕ್ಕಿ ತೋರ್ಸೋಕೆ ಜನರನ್ನ ಕರ್ಕೊಂಡು ಹೋಗೋಣ" ಎಂಬ ಅತ್ತಿಗೆಯ ಉತ್ತರಕ್ಕೆ ಸಭೆ ಬಿದ್ದು ಬಿದ್ದು ನಕ್ಕಿತು. ಬಾಡಿಗೆ ದೋಣಿಯ ಮೊದಲ ಪಯಣ ಆ ನಗೆಯನ್ನು ನಿಜ ಮಾಡಿತು. ಮಂಜಿನಲ್ಲಿ ಒಂದು ರೆಕ್ಕೆಯೂ ಕಾಣಲಿಲ್ಲ, ಬಂದವರೆಲ್ಲ ಹೊಟ್ಟೆ ಖಾಲಿ ಮಾಡಿಕೊಂಡು ಇಳಿದರು. ಬಂದರಿನಲ್ಲಿ ಅವರಿಗೆ 'ಗರಿಯಮ್ಮ' ಎಂಬ ಹೆಸರು ಅಂಟಿತು.

ಆದರೂ ಬಿಡಲಿಲ್ಲ. ಮರುವರ್ಷ ಬೇರೆ ದೋಣಿ ಸಿಗದೆ ಟೊಕುಜಿಯ ಬಾಗಿಲಿಗೇ ಹೋದರು. ಬೈದುಕೊಂಡೇ ಹೊರಟ ಮೈದುನ, ಹೊಟ್ಟೆಯ ಮೇಲೆ ಮರಿ ಮಲಗಿಸಿಕೊಂಡು ತೇಲುತ್ತಿದ್ದ ಕಡಲ ನೀರುನಾಯಿಯನ್ನು ಕಂಡು, ಯಾರೂ ಹೇಳದೆ ಎಂಜಿನ್ ನಿಲ್ಲಿಸಿದರು. "ಇಷ್ಟು ವರ್ಷ ಇದರ ಪಕ್ಕದಲ್ಲೇ ಓಡಾಡಿದ್ದೀನಿ, ಒಂದಿನಾನೂ ನಿಂತು ನೋಡಿರ್ಲಿಲ್ಲ," ಎಂದು ಈಗ ಒಪ್ಪಿಕೊಳ್ಳುತ್ತಾರೆ. ಮುಂದಿನ ಸಭೆಯಲ್ಲಿ ತಮ್ಮ ಬಲೆಯನ್ನು ದೂರಕ್ಕೆ ಒಯ್ಯುವುದಾಗಿ ಮೊದಲು ಕೈಯೆತ್ತಿದವರು ಅವರೇ. ಒಬ್ಬೊಬ್ಬರಾಗಿ ಉಳಿದವರೂ ಎತ್ತಿದರು.

ಬಲೆ ಸರಿದ ಮಾತ್ರಕ್ಕೆ ಹಕ್ಕಿ ಬರಲಿಲ್ಲ. ವರ್ಷಗಳು ಉರುಳಿದವು. ಹೋದ ಬೇಸಿಗೆಯಲ್ಲಿ ಒಂದು ಜೋಡಿ ಸುಳಿದಾಡಿ ಹೋಯಿತು.

ಈಗ ದೋಣಿ ನಡುಗಡ್ಡೆಯನ್ನು ಸುತ್ತುತ್ತಿದೆ. ಫುಸಾಯೆ ತಟ್ಟನೆ ಕೈಯೆತ್ತುತ್ತಾರೆ. ಮಂಜು ಸೀಳಿಕೊಂಡು ಕೆಂಪು ಕೊಕ್ಕೊಂದು ನೀರಿನ ಮೇಲೆಯೇ ಹಾರಿ ಬರುತ್ತಿದೆ. ಕೊಕ್ಕಿನ ಎರಡೂ ಬದಿಗೆ ಬೆಳ್ಳಿಯ ಎಳೆಗಳಂತೆ ಮೀನು ಜೋತಾಡುತ್ತಿವೆ. ಹಕ್ಕಿ ಬಂಡೆಯ ಮೇಲಿನ ಹುಲ್ಲಿಗೆ ನುಗ್ಗಿ ಬಿಲದೊಳಗೆ ಮಾಯವಾಗುತ್ತದೆ.

"ತಾನು ತಿನ್ನೋಕಾದ್ರೆ ನೀರಲ್ಲೇ ನುಂಗ್ತಿತ್ತು," ಫುಸಾಯೆ ಚುಕ್ಕಾಣಿಯತ್ತ ತಿರುಗುತ್ತಾರೆ. "ಮನೆಗೆ ಒಯ್ತಿದೆ ಅಂದ್ರೆ ಒಳಗೆ ಮರಿ ಇದೆ. ಮರಿ ಇದೆ ಕಣೋ ಟೊಕು!"

ಟೊಕುಜಿ ರೇಡಿಯೊಗೆ ಬಾಯಿಟ್ಟು ಅದನ್ನೇ ಕೂಗುತ್ತಾರೆ. ದೂರದಲ್ಲಿ ಬಲೆ ಎಳೆಯುತ್ತಿರುವ ದೋಣಿಗಳಿಂದ ಒಂದರ ಮೇಲೊಂದು ಕೇಕೆ. "ಗರಿಯಮ್ಮ, ಬಾಣಂತನಕ್ಕೆ ಏನು ತರೋಣ?" ಎಂದು ಯಾರೋ ಕೇಳುತ್ತಾರೆ. ಗುರುತಿಲ್ಲದ ಪ್ರವಾಸಿಗರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ. ಬಂದರಿಗೆ ಮರಳುವಷ್ಟರಲ್ಲಿ ಕಟ್ಟೆಯ ಮೇಲೆ ಸುಟ್ಟ ಸ್ಕ್ವಿಡ್ ಮೀನು, ಸಾಕೆ ಮದ್ಯದ ಬಾಟಲಿ ಸಿದ್ಧವಾಗಿವೆ.

ಮರಿ ಕಡಲಿಗಿಳಿಯುವುದನ್ನು ನೋಡುವ ಆಸೆಯಿಲ್ಲವೇ ಎಂದರೆ ಫುಸಾಯೆ ಇಲ್ಲವೆಂದು ತಲೆಯಾಡಿಸುತ್ತಾರೆ. "ಅದು ಕತ್ತಲಲ್ಲಿ, ಯಾರಿಗೂ ಕಾಣದ ಹಾಗೆ ಹೊರಟುಬಿಡುತ್ತೆ. ಹೋಗ್ಲಿ ಬಿಡಿ. ದಾರೀಲಿ ನಮ್ಮೂರಿನ ಬಲೆ ಒಂದೂ ಇಲ್ಲ."