ಹೆಸರು ಹಾಕಿ ಬರೆದ ಪತ್ರ

ಕಳೆದ ವಾರ ಒಬ್ಬ ಓದುಗ ನನ್ನನ್ನು ಬಿಟ್ಟುಹೋದ. ಜಗಳವಿಲ್ಲ, ತಕರಾರಿಲ್ಲ. ಒಂದು ಬಟನ್ ಒತ್ತಿದ, ಹೋದ.

ಪತ್ರಿಕೆಯಲ್ಲಿ ಓದುವ ನಿಮಗೆ ಗೊತ್ತಿರಲಿಕ್ಕಿಲ್ಲ, ಈ ಅಂಕಣವನ್ನು ನಾನು ಕೆಲವರಿಗೆ ಇಮೇಲ್‌ನಲ್ಲೂ ಕಳಿಸುತ್ತೇನೆ. ಒಂದೇ ಬರಹ, ಒಂದೇ ಕ್ಲಿಕ್, ಲಿಸ್ಟಿನಲ್ಲಿರುವ ಎಲ್ಲರಿಗೂ. ‘ಪ್ರಿಯ’ ಎಂಬುದರ ಮುಂದೆ ಅವರವರ ಹೆಸರನ್ನು ಕಂಪ್ಯೂಟರೇ ತುಂಬುತ್ತದೆ. ಯಾರಾದರೂ ಬಿಟ್ಟರೆ ನನಗೆ ಸೂಚನೆ ಬರುತ್ತದೆ. ಈ ಸಲ ಬಂದದ್ದು ಭರತೇಶನ ಹೆಸರು. ಧಾರವಾಡದ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್, ಈಗ ಏಕಸಂಬಿಯಲ್ಲಿ ಕಬ್ಬು ಬೆಳೆಯುತ್ತಾನೆ. (ನನ್ನನ್ನು ಇನ್ನೂ ‘ಲೇ’ ಎನ್ನುವವನು ಅವನೊಬ್ಬನೇ. ಇಲ್ಲಿ ಚಿಕ್ಕೋಡಿಯಲ್ಲಿ ನಾನು ಎಲ್ಲರಿಗೂ ‘ಸರ್’.)

ಕೈತಪ್ಪಿ ಒತ್ತಿರಬೇಕು ಎಂದುಕೊಂಡು ಭಾನುವಾರ ಏಕಸಂಬಿಯ ಬಸ್ಸು ಹತ್ತಿದೆ.

“ಕೈ ತಪ್ಪಿಲ್ಲಲೇ, ತಿಳ್ದ ಒತ್ತೀನಿ,” ಎಂದ, ಚಹಾ ಕೊಡುತ್ತ. “ಮಗಳು ಹೊಸಾ ಫೋನ್ ಕೊಡಿಸ್ಯಾಳ. ನಿನ್ನ ಪತ್ರ ತಗದ್ರ ಮ್ಯಾಲೆ ಬರತೈತಿ, ಇದು ಮೇಲಿಂಗ್ ಲಿಸ್ಟಿಂದು, ಬ್ಯಾಡಾದ್ರ ಬಿಡ್ರಿ ಅಂತ. ಹಳೇದ್ರಾಗ ಹಂಗ ಬರ್ತಿರ್ಲಿಲ್ಲ. ಹೆಸರ ಹಾಕಿ ಬರೀತಾನ, ನನಗಂತನ ಬರೀತಾನ ಅಂತ ತಿಳ್ಕೊಂಡಿದ್ನೆಪಾ.”

ನಾನು ಪಾಠ ಶುರು ಮಾಡಿದೆ. (ಓದಿದವರ ಚಾಳಿ.) ಪ್ರತಿ ಇಮೇಲ್‌ಗೂ ನಮ್ಮ ಕಣ್ಣಿಗೆ ಬೀಳದ ಹೆಡರ್ ಎಂಬ ತಲೆಭಾಗ ಇರುತ್ತದೆ. ಲಿಸ್ಟಿಗೆ ಹೋಗುವ ಪತ್ರವಾದರೆ ಅದರಲ್ಲಿ ಲಿಸ್ಟಿನ ಗುರುತು, ಹೊರಬೀಳಲು ಬೇಕಾದ ವಿಳಾಸ ಇರುತ್ತವೆ. ಆ ಸಾಲುಗಳು ಕಂಡರೆ ಆ್ಯಪ್ ಬಟನ್ ತೋರಿಸುತ್ತದೆ, ಅಷ್ಟೇ. ಒಳಗೆ ಎಷ್ಟು ಪ್ರೀತಿಯಿಂದ ಬರೆದಿದೆ ಎಂದು ಅದು ನೋಡುವುದಿಲ್ಲ.

“ಹಂಗಾದ್ರ ಅದು ಸುಳ್ಳಂತೂ ಹೇಳಿಲ್ಲಲ್ಲ?”

ಇಲ್ಲ ಎಂದು ತಲೆಯಾಡಿಸಿದೆ. ಅವನೇ ಮುಂದುವರಿಸಿದ.

“ಕಣ್ಣಿನ ಆಪರೇಶನ್ ಆತು, ಒಂದ್ಸಲ ಬಂದ್ ಹೋಗು ಅಂತ ನಿನಗ ತಿರುಗಿ ಬರ್ದಿದ್ದೆ. ಮುಂದಿನ ವಾರ ನೀ ಏನ್ ಬರದಿ? ‘ಪ್ರಿಯ ಭರತೇಶ, ಮಾವಿನಹಣ್ಣು ತಿನ್ನುವುದೂ ಒಂದು ಕಲೆ!’”

ಒಳಗಿನಿಂದ ಅವನ ಹೆಂಡತಿ ನಕ್ಕರು. ಅವನೂ ನಕ್ಕ. ನನಗೆ ಆಗಲಿಲ್ಲ. ಲಿಸ್ಟಿನ ಪತ್ರಕ್ಕೆ ಬರುವ ಉತ್ತರಗಳೆಲ್ಲ ನಾನು ತೆರೆದೇ ನೋಡದ ಒಂದು ಇನ್‌ಬಾಕ್ಸಿಗೆ ಬೀಳುತ್ತವೆ.

“ಮೊದಮೊದಲ ನಿನಗ ಬ್ಯಾರೆನ ಬರೀತಿದ್ನೆಲ್ಲೋ,” ಎಂದೆ. ನನಗೆ ಸ್ಪಷ್ಟವಾಗಿ ನೆನಪಿತ್ತು.

“ಹೌದಾ? ತೋರ್ಸು,” ಎಂದು ಫೋನ್ ಚಾಚಿದ.

ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸಿದೆ. ಮೊಟ್ಟಮೊದಲ ಪತ್ರದ ಮೇಲೂ ಅದೇ ಬಟನ್. ಎಲ್ಲವನ್ನೂ ಅನುಮಾನಿಸಲು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಈ ನೆನಪೊಂದನ್ನು ಮಾತ್ರ ಯಾಕೆ ಕಣ್ಣುಮುಚ್ಚಿ ನಂಬಿದ್ದೆ?

“ಇರ್ಲಿ ಬಿಡಲೇ. ಇನ್ನರ ನನಗೊಬ್ಬಂಗ ಬರಿ. ಸಣ್ಣದಾದ್ರೂ ನಡೀತೈತಿ,” ಎಂದು ಬಸ್ ಹತ್ತಿಸಿದ.

ಮನೆಗೆ ಬಂದು ಬರೆಯಲು ಕೂತೆ. ಅವನೊಬ್ಬನಿಗೇ ಹೇಳುವಂಥದ್ದು ಒಂದು ಸಾಲೂ ಹೊಳೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಈ ಅಂಕಣವಂತೂ ಸಿದ್ಧವಾಗಿತ್ತು. ಎಲ್ಲರಿಗೂ ತಲುಪುತ್ತದೆ, ಅವನೊಬ್ಬನನ್ನು ಬಿಟ್ಟು.