ಹಾಲ್ಮೊನಿ ನನ್ನ ಕೊರಳಿಗೆ ಹಾಕಿದ ಬಿಲ್ಲೆ

ದೆವ್ವ, ಪೂರ್ವಜನ್ಮ, ಸತ್ತವರ ದನಿ ಇವೆಲ್ಲ ನನಗೆ ನಗು ತರಿಸುತ್ತಿದ್ದ ಸಂಗತಿಗಳು. ಮೈಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು ನಾನು. ಸಿಸ್ಟರ್‌ಗಳು ಕಲಿಸಿದ ಪ್ರಾರ್ಥನೆಯೂ ಬಾಯಿಗೆ ಬರುತ್ತದೆ, ಅಮ್ಮ ಕಲಿಸಿದ ಶ್ಲೋಕವೂ ಬರುತ್ತದೆ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ ಮರ್ಯಾದೆಗೆ ಒಂದೆರಡು ಸಲ ಹೂಂಗುಟ್ಟಿ, ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಹೋಗುತ್ತಿದ್ದೆ. ಈಗ ನಾನೇ ಬರೆಯಲು ಕುಳಿತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ನಾವಿರುವುದು ಅಮೆರಿಕದ ಎಲಿಕಾಟ್ ಸಿಟಿಯಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡ ಟೌನ್‌ಹೌಸುಗಳ ಸಾಲಿನಲ್ಲಿ. ನಮ್ಮ ಕಡೆಯವರಂತೆ ಕೊರಿಯಾದವರೂ ಇಲ್ಲಿ ಬಹಳ. ಪಕ್ಕದ ಮನೆ ಗ್ರೇಸ್ ಅವರದು. ಅರವತ್ತು ದಾಟಿದವರು, ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಜೊತೆಯಲ್ಲಿ ತೊಂಬತ್ತನಾಲ್ಕು ವರ್ಷದ ತಾಯಿ. ಅವರನ್ನು ನಾವೆಲ್ಲ ಹಾಲ್ಮೊನಿ ಎನ್ನುತ್ತಿದ್ದೆವು. ಅವರ ಭಾಷೆಯಲ್ಲಿ ಅಜ್ಜಿ ಎಂದರ್ಥ. ಕೋವಿಡ್ ಗಲಾಟೆ ತಣ್ಣಗಾದ ವರ್ಷ, ಹಾಲ್ಮೊನಿಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಕೆಲಸ ಬಿಟ್ಟಳು. ಮಂಗಳವಾರ, ಗುರುವಾರ ಮಧ್ಯಾಹ್ನ ನಾನು ಬಂದು ಕೂರುತ್ತೇನೆ ಎಂದು ಗ್ರೇಸ್‌ಗೆ ಹೇಳಿದೆ. ಮಗಳು ಕಾಲೇಜಿಗೆ ಹೋಗಿದ್ದಳು, ಮನೆ ಬಣಗುಡುತ್ತಿತ್ತು. ನನಗೂ ಅದು ಬೇಕಿತ್ತು.

ಹಾಲ್ಮೊನಿಗೆ ಮರೆವಿನ ಕಾಯಿಲೆ. ಮೊದಲು ಇಂಗ್ಲಿಷ್ ಹೋಯಿತು, ಆಮೇಲೆ ಕೊರಿಯನ್ ಭಾಷೆಯೂ ಹೋಯಿತು. ಉಳಿದದ್ದು ಮಗಳಿಗೆ ಗೊತ್ತೇ ಇಲ್ಲದ ಭಾಷೆ. ಅದು ಜಪಾನಿ ಎಂದು ಗುರುತಿಸಿದ್ದು ಅವರ ಚರ್ಚಿನ ವೃದ್ಧರೊಬ್ಬರು. ಕೊರಿಯಾ ಜಪಾನಿನ ಕೈಯಲ್ಲಿದ್ದ ಕಾಲದಲ್ಲಿ ಹಾಲ್ಮೊನಿ ಶಾಲೆಯ ಹುಡುಗಿ. ಮನೆಮಾತು ಆಡಿದರೆ ಶಿಕ್ಷೆ. ಹೆಸರು ಕೂಡ ಮನೆಯದು ನಡೆಯುವಂತಿರಲಿಲ್ಲ. ಗ್ರೇಸ್ ಮನೆಯಲ್ಲಿ ಕೊರಿಯನ್‌ನಲ್ಲಿ ಏನಾದರೂ ಹೇಳಿದರೆ ಹಾಲ್ಮೊನಿ ಬೆಚ್ಚಿ, ತುಟಿಯ ಮೇಲೆ ಬೆರಳಿಟ್ಟು ಬಾಗಿಲ ಕಡೆ ನೋಡುತ್ತಿದ್ದರು. ಕೆಲವೊಮ್ಮೆ ಎರಡೂ ಅಂಗೈ ಮುಂದೆ ಚಾಚಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಏಟು ಬೀಳುತ್ತದೆ ಎನ್ನುವ ಹಾಗೆ. ಅಂಗೈಯ ಚರ್ಮ ಹಳೆಯ ಹತ್ತಿ ಸೀರೆಯಷ್ಟು ತೆಳುವಾಗಿತ್ತು.

ನನಗೆ ಅದು ಹೊಸದೇನಲ್ಲ. ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದವಳ ಕೊರಳಿಗೆ ದಾರ ಕಟ್ಟಿದ ಮರದ ಬಿಲ್ಲೆಯೊಂದನ್ನು ಹಾಕುತ್ತಿದ್ದರು. ಅದನ್ನು ಕಳಚಿಕೊಳ್ಳಲು ಒಂದೇ ದಾರಿ: ಕನ್ನಡ ಮಾತಾಡಿದ ಇನ್ನೊಬ್ಬಳನ್ನು ಹಿಡಿದು ಅವಳ ಕೊರಳಿಗೆ ಹಾಕುವುದು. ಸಂಜೆಯ ಗಂಟೆ ಹೊಡೆದಾಗ ಯಾರ ಕೊರಳಲ್ಲಿದೆಯೋ ಅವಳಿಗೆ ಶಿಕ್ಷೆ. ಇದನ್ನು ಗ್ರೇಸ್‌ಗೆ ಹೇಳಿದೆ. ಚರ್ಚಿನ ವೃದ್ಧರೂ ತಮ್ಮ ಶಾಲೆಯಲ್ಲಿ ಹೀಗೇ ಇತ್ತು ಎಂದಿದ್ದರಂತೆ. ಸಿಸ್ಟರ್‌ಗಳು ಒಳ್ಳೆಯವರೇ, ನಮ್ಮನ್ನು ಪ್ರೀತಿಯಿಂದಲೇ ನೋಡಿಕೊಂಡರು. ಆದರೆ ಆ ಬಿಲ್ಲೆಯ ದಾರ ಕುತ್ತಿಗೆಯ ಹಿಂದೆ ಕೊರೆಯುತ್ತಿದ್ದದ್ದು ನನಗೆ ಇವತ್ತಿಗೂ ನೆನಪಿದೆ.

ಆ ಬೇಸಿಗೆಯಲ್ಲಿ ಗ್ರೇಸ್ ತಾಯಿಗಾಗಿ ಸ್ಮಶಾನದಲ್ಲಿ ಜಾಗ ಗೊತ್ತು ಮಾಡಿದರು. ಇಲ್ಲಿ ಮುಂಚೆಯೇ ಮಾಡಿಡುತ್ತಾರೆ. ಕಲ್ಲಿನ ಮೇಲೆ ಕೆತ್ತುವ ಹೆಸರು ಬರೆದು ತಾಯಿಗೆ ತೋರಿಸಿದರಂತೆ. ಹಾಲ್ಮೊನಿ ಕಾಗದವನ್ನು ಕಿತ್ತುಕೊಂಡು ಹರಿದು, ಚೂರುಗಳನ್ನು ಬಾಯಿಗೆ ತುರುಕಿಕೊಂಡರು. ಆ ಹೆಸರು ಚುಂಜಾ. ಶಾಲೆಯಲ್ಲಿ ಅವರಿಗೆ ಕೊಟ್ಟ ಜಪಾನಿ ಹೆಸರನ್ನೇ ಕೊರಿಯನ್ ರೀತಿಯಲ್ಲಿ ಓದಿದರೆ ಹಾಗಾಗುತ್ತದೆ ಎಂದು ಆ ವೃದ್ಧರು ವಿವರಿಸಿದರು. ಅದೇ ಹೆಸರಿನಲ್ಲಿ ಮದುವೆ, ಅದೇ ಹೆಸರಿನಲ್ಲಿ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್. ಹಾಗಾದರೆ ಮನೆಯಲ್ಲಿ ಏನೆಂದು ಕರೆಯುತ್ತಿದ್ದರು? ಹೇಳಬಲ್ಲವರು ಯಾರೂ ಬದುಕಿರಲಿಲ್ಲ.

"ಅರವತ್ತು ವರ್ಷ ಅಮ್ಮನ ಜೊತೆ ಬದುಕಿದೀನಿ, ಅವಳ ಹೆಸರು ಗೊತ್ತಿಲ್ಲ ನಂಗೆ. ಬೇರೆಯವರು ಇಟ್ಟ ಹೆಸರಿನ ಕೆಳಗೆ ಅವಳನ್ನ ಹೇಗೆ ಮಲಗಿಸ್ಲಿ?" ಎಂದು ಗ್ರೇಸ್ ನಮ್ಮ ಅಡುಗೆಮನೆಯಲ್ಲಿ ನಿಂತು ಅತ್ತರು. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲೇ.

ಹಾಲ್ಮೊನಿ ಒಮ್ಮೆ ಮನೆಯಿಂದ ತಪ್ಪಿಸಿಕೊಂಡಿದ್ದರು. ಅದಕ್ಕೇ ಗ್ರೇಸ್ ಅವರ ಕೊರಳಿಗೆ ಹೆಸರು, ಫೋನ್ ನಂಬರ್ ಕೆತ್ತಿದ ಸ್ಟೀಲ್ ಬಿಲ್ಲೆ ಹಾಕಿದ್ದರು. ಲಿವಿಂಗ್ ರೂಮಿನಲ್ಲಿ ಒಂದು ಕ್ಯಾಮರಾ ಕೂಡ ಇಟ್ಟಿದ್ದರು, ಆಸ್ಪತ್ರೆಯಿಂದ ಆಗಾಗ ನೋಡಲು. ಕಾಗದದ ಗಲಾಟೆಯಾದ ಮೇಲೆ ಬಿಲ್ಲೆಯನ್ನು ಬದಲಾಯಿಸಬೇಕು ಅಂದುಕೊಂಡರೂ, ಬೇರೆ ಏನೆಂದು ಕೆತ್ತಿಸುವುದು? ಹಾಗೇ ಉಳಿಯಿತು.

ನವೆಂಬರಿನ ಒಂದು ಗುರುವಾರ. ಇಂಡಿಯನ್ ಸ್ಟೋರಿನಲ್ಲಿ ಫ್ರೋಜನ್ ಅವರೆಕಾಳು ಸಿಕ್ಕಿತ್ತು. ನೆನೆಹಾಕಿದ್ದ ಕಾಳನ್ನು ಅಲ್ಲಿಗೇ ತೆಗೆದುಕೊಂಡು ಹೋಗಿ, ಲಿವಿಂಗ್ ರೂಮಿನ ಮೇಜಿನ ಮುಂದೆ ಕೂತು ಹಿತುಕತೊಡಗಿದೆ. ಹಾಲ್ಮೊನಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೂ ಒಂದು ಕಾಳು ತೆಗೆದುಕೊಂಡು, ಎರಡು ಬೆರಳ ನಡುವೆ ಒತ್ತಿ, ಬೇಳೆಯನ್ನು ಪಾತ್ರೆಗೆ ಹಾರಿಸಿದರು. ಸಿಪ್ಪೆಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿದರು. ನಾನು ಎಂದಿನಂತೆ ಏನೇನೋ ಕನ್ನಡದಲ್ಲಿ ಹೇಳುತ್ತಿದ್ದೆ ಎಂದೇ ನನ್ನ ನೆನಪು. ಎಳೆಮಗುವಿನ ಹತ್ತಿರ ಮಾತಾಡುತ್ತೇವಲ್ಲ, ಹಾಗೆ.

ಮೂರು ಗಂಟೆ ಇರಬಹುದು. ಹಾಲ್ಮೊನಿ ಕೈ ನಿಲ್ಲಿಸಿದರು. ಬೆರಳುಗಳನ್ನು ಒರೆಸಿಕೊಂಡು, ಕೊರಳಿನ ಬಿಲ್ಲೆಯನ್ನು ತೆಗೆದು, ಮೇಜು ಬಳಸಿ ಬಂದು ನನ್ನ ಕೊರಳಿಗೆ ಹಾಕಿದರು. ಆಮೇಲೆ ತಮ್ಮ ಕುರ್ಚಿಗೆ ಹೋಗಿ ಕೂತು ಮಾತಾಡಿದರು.

"ಇವತ್ತು ನಿಂದು. ಗಂಟೆ ಹೊಡೆಯೋದ್ರೊಳಗೆ ಇನ್ನೊಬ್ಬಳನ್ನ ಹಿಡಿ."

ಯಾವ ಭಾಷೆ ಎಂದು ಕೇಳಬೇಡಿ. ನನ್ನ ಕಿವಿಗೆ ಬಿದ್ದದ್ದು ನಮ್ಮ ಶಾಲೆಯ ಹಿತ್ತಲಲ್ಲಿ, ಸಿಸ್ಟರ್ ಕಿವಿಗೆ ಬೀಳದ ಹಾಗೆ ನಾವು ಹುಡುಗಿಯರು ಪಿಸುಗುಟ್ಟುತ್ತಿದ್ದ ಕನ್ನಡ. ವಿಚಿತ್ರವೆಂದರೆ ನನಗೆ ಆಶ್ಚರ್ಯವೇ ಆಗಲಿಲ್ಲ. "ಯಾರನ್ನ ಹಿಡೀಲಿ?" ಎಂದು ಕೇಳಿದೆ. ಹಾಲ್ಮೊನಿ ಹೇಳುತ್ತಾ ಹೋದರು. ಚಳಿಗಾಲ. ಶಾಲೆಯ ಗೇಟಿನ ಆಚೆ ಒಬ್ಬ ಮುದುಕಿ, ಬಟ್ಟೆಯಲ್ಲಿ ಕಟ್ಟಿದ ಹಿತ್ತಾಳೆ ಬಟ್ಟಲಿನಲ್ಲಿ ಮೊಮ್ಮಗಳಿಗೆ ಊಟ ತಂದಿದ್ದಾಳೆ. ಅವಳಿಗೆ ಬರುವುದು ಮನೆಮಾತೊಂದೇ. ಒಕ್‌ಬುನ್, ಒಕ್‌ಬುನ್ ಎಂದು ಕೂಗುತ್ತಾಳೆ. ಶಾಲೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ, ಎಲ್ಲರಿಗೂ ಬೇರೆ ಹೆಸರು ಕೊಟ್ಟಾಗಿದೆ. ಆದರೂ ಒಬ್ಬ ಹುಡುಗಿ ತಿರುಗಿ, "ಬಂದೆ ಅಜ್ಜಿ" ಎನ್ನುತ್ತಾಳೆ. ಆ ಎರಡು ಮಾತಿಗೆ ಬಿಲ್ಲೆ ಬಿತ್ತು. ಗಂಟೆ ಹೊಡೆಯುವವರೆಗೂ ಅವಳಿಗೆ ಇನ್ನೊಬ್ಬಳು ಸಿಗಲಿಲ್ಲ. ಬಟ್ಟಲನ್ನು ತಲೆಯ ಮೇಲೆ ಹೊರಿಸಿ ಹಿಮದಲ್ಲಿ ನಿಲ್ಲಿಸಿದರು. ಅಷ್ಟು ಹೇಳಿ ಹಾಲ್ಮೊನಿ ಮತ್ತೆ ಕಾಳು ಎತ್ತಿಕೊಂಡರು.

ನಾಲ್ಕೂವರೆಗೆ ಗ್ರೇಸ್ ಬಂದರು. "ಒಕ್‌ಬುನ್" ಎಂದೆ. ಗ್ರೇಸ್ ಕೋಟು ಬಿಚ್ಚುತ್ತಿದ್ದವರು ಅರ್ಧಕ್ಕೇ ನಿಂತರು. ಅದು ಹಳ್ಳಿ ಕಡೆಯ ಹಳೆಯ ಹೆಣ್ಣುಮಕ್ಕಳ ಹೆಸರು, ಈಗ ಯಾರೂ ಇಡುವುದಿಲ್ಲ, ನಿಮಗೆ ಯಾರು ಹೇಳಿದರು ಎಂದರು. ಎಲ್ಲವನ್ನೂ ಹೇಳಿದೆ. ಅವರು ತಾಯಿಯ ಮುಂದೆ ಮಂಡಿಯೂರಿ ಮೆಲ್ಲಗೆ ಆ ಹೆಸರು ಹಿಡಿದು ಕರೆದರು. ಹಾಲ್ಮೊನಿ ಬೆಚ್ಚಲಿಲ್ಲ, ತುಟಿಯ ಮೇಲೆ ಬೆರಳಿಡಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ದನಿಯೇ ಇಲ್ಲದೆ ಅತ್ತರು. "ಅಮ್ಮಂಗೆ ಗೊತ್ತಾಯ್ತು, ನೋಡಿ, ಅಮ್ಮಂಗೆ ಗೊತ್ತಾಯ್ತು!" ಎಂದು ಗ್ರೇಸ್ ನನ್ನನ್ನು ತಬ್ಬಿಕೊಂಡರು.

ರಾತ್ರಿ ಊಟಕ್ಕೆ ಕೂತಾಗ ನನ್ನ ಯಜಮಾನರಿಗೆ ಹೇಳಿದೆ. "ಸಕ್ಕರೆ ಕಮ್ಮಿ ಹಾಕು ಅಂತ ಇಪ್ಪತ್ತೈದು ವರ್ಷದಿಂದ ಕನ್ನಡದಲ್ಲೇ ಹೇಳ್ತಿದೀನಿ, ಅರ್ಥ ಆಗಿಲ್ಲ. ಜಪಾನಿ ಅರ್ಥ ಆಯ್ತಾ ನಿಂಗೆ?" ಎಂದು ನಕ್ಕರು. ನನ್ನ ಮುಖ ನೋಡಿ, "ಅಲ್ವೇ, ಅಲ್ಲಿ ಕ್ಯಾಮರಾ ಇದೆಯಲ್ಲ, ಚೆಕ್ ಮಾಡ್ಬಿಡು" ಎಂದರು.

ಮರುದಿನ ಗ್ರೇಸ್ ಮತ್ತು ನಾನು ಒಟ್ಟಿಗೆ ಅದನ್ನು ನೋಡಿದೆವು. ಇಬ್ಬರು ಹೆಂಗಸರು ಮೇಜಿನ ಮುಂದೆ ಕೂತಿದ್ದಾರೆ. ಹಾಲ್ಮೊನಿ ಎದ್ದು ಬಂದು ನನಗೆ ಬಿಲ್ಲೆ ಹಾಕುತ್ತಾರೆ, ಹೋಗಿ ಕೂರುತ್ತಾರೆ. ಅಲ್ಲಿಂದ ಮುಂದೆ ಇಪ್ಪತ್ತು ನಿಮಿಷ ಇಬ್ಬರೂ ಕಾಳು ಹಿತುಕುತ್ತೇವೆ. ತುಟಿ ಅಲ್ಲಾಡುವುದಿಲ್ಲ, ಅವರದೂ ಇಲ್ಲ, ನನ್ನದೂ ಇಲ್ಲ. ಕೇಳಿಸುವುದು ಬೇಳೆ ಸ್ಟೀಲ್ ಪಾತ್ರೆಗೆ ಬೀಳುವ ಸದ್ದೊಂದೇ. ಗ್ರೇಸ್ ಫೋನನ್ನು ಕವುಚಿ ಇಟ್ಟರು. "ಹೆಸರು ಸಿಕ್ತಲ್ಲ, ನಂಗಷ್ಟು ಸಾಕು" ಎಂದರು.

ಹಾಲ್ಮೊನಿ ಜನವರಿಯಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಯಾವ ಭಾಷೆಯೂ ಇರಲಿಲ್ಲ.

ಅವರ ಮಣ್ಣು ಮುಗಿಸಿ ಬಂದ ಮೇಲೆ, ಪಾತ್ರೆ ತೊಳೆಯುತ್ತಾ ನಿಂತಿದ್ದಾಗ ನನಗೆ ಭಾಗ್ಯ ನೆನಪಾದಳು. ಇದನ್ನು ನಾನು ಯಾರಿಗೂ ಹೇಳಿಲ್ಲ. ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಒಂದು ಮಧ್ಯಾಹ್ನ ಬಿಲ್ಲೆ ನನ್ನ ಕೊರಳಲ್ಲಿತ್ತು, ಗಂಟೆಗೆ ಇನ್ನು ಸ್ವಲ್ಪವೇ ಹೊತ್ತು. ಓಡುತ್ತಾ ಬಿದ್ದು ಮಂಡಿ ಒಡೆದುಕೊಂಡ ಭಾಗ್ಯ "ಅಯ್ಯೋ, ಉರಿ ಕಣೇ" ಎಂದಳು. ನಾನು ಅವಳನ್ನು ಎತ್ತಲು ಬಗ್ಗಲಿಲ್ಲ. ಬಗ್ಗಿದ್ದು ಬಿಲ್ಲೆ ಹಾಕಲು. ಅವಳಿಗೆ ಆ ವಾರ ಅದು ಮೂರನೇ ಸಲ. ಸೋಮವಾರದಿಂದ ಅವಳು ಶಾಲೆಗೆ ಬರಲಿಲ್ಲ. ನಾನು ತೊಂಬತ್ತು ದಾಟಿ, ಎಲ್ಲ ಮರೆತು ಒಂದೇ ಒಂದು ಹೆಸರು ಉಳಿದರೆ ಅದು ನನ್ನದಾಗಿರುವುದಿಲ್ಲ.

ಹಾಲ್ಮೊನಿ ಆ ದಿನ "ನಾನು" ಎಂದು ಒಮ್ಮೆಯೂ ಹೇಳಲಿಲ್ಲ. ಗೇಟಿನ ಬಳಿ ತಿರುಗಿ ನೋಡಿದವಳು ಅವರೋ, ಅಥವಾ ತಿರುಗಿದವಳನ್ನು ಹಿಡಿದುಕೊಟ್ಟವಳು ಅವರೋ? ಮುಖ ಮುಚ್ಚಿಕೊಂಡು ಅತ್ತದ್ದು ತಮ್ಮ ಹೆಸರು ಕೇಳಿಯೋ, ತಾವು ಹಿಮದಲ್ಲಿ ನಿಲ್ಲಿಸಿದವಳ ಹೆಸರು ಕೇಳಿಯೋ? ಬಿಲ್ಲೆಯನ್ನು ನನ್ನ ಕೊರಳಿಗೇ ಯಾಕೆ ಹಾಕಿದರು? ಭಾಗ್ಯಳ ಸಂಗತಿ ಅವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಏಪ್ರಿಲ್‌ನಲ್ಲಿ ಕಲ್ಲು ನಿಲ್ಲಿಸಿದರು. ಗ್ರೇಸ್ ನನ್ನನ್ನು ಕರೆದುಕೊಂಡು ಹೋದರು. ಬೂದು ಬಣ್ಣದ ಸಣ್ಣ ಕಲ್ಲು, ಅದರ ಮೇಲೆ ಅವರ ಲಿಪಿಯಲ್ಲಿ ಎರಡೇ ಅಕ್ಷರ, ಒಕ್‌ಬುನ್. ಕೆತ್ತಿದ ಪುಡಿ ಇನ್ನೂ ಗೆರೆಗಳ ನಡುವೆ ಉಳಿದಿತ್ತು. ಗ್ರೇಸ್ ಒಂದೊಂದೇ ಗೆರೆಯನ್ನು ಕರ್ಚೀಫಿನ ತುದಿಯಿಂದ ಒರೆಸಿದರು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದರು.

"ಇದೇ ತಾನೇ? ಅಮ್ಮನ ಹೆಸರು?"

"ಇದೇ" ಎಂದೆ.